ಆಸಿಯಾ ಜೆಬಾರ್

ಜೆಬಾರ್, ಆಸಿಯಾ (1936-2015): ಫ್ರೆಂಚಿನಲ್ಲಿ ಬರೆದ ಅಲ್ಜೀರಿಯದ ಕಾದಂಬರಿಗಾರ್ತಿ, ಇತಿಹಾಸದ ಅಧ್ಯಾಪಕಿ, ಚಲನಚಿತ್ರ ನಿರ್ದೇಶಕಿ. ನಿಜನಾಮ ಫಾತಿಮಾ ಜೊಹ್ರಾ ಇಮಲಾಯೆನ್. ಮೆಡಿಟರೇನಿಯನ್ ಕರಾವಳಿಯ ಶೆರ್ಶೆಲ್‌ನಲ್ಲಿ ಜನನ. ತಂದೆ ಫ್ರೆಂಚ್ ಶಾಲೆಯಲ್ಲಿ ಮೇಷ್ಟರು. ಅಲ್ಲಿನ ಹುಡುಗಿಯರು ಹರೆಯಕ್ಕೆ ಬರುತ್ತಲೇ ಮನೆಯೊಳಗೆ ಉಳಿಯಬೇಕಿದ್ದ ಕಾಲದಲ್ಲಿ ಅವರು ಮಗಳನ್ನು ಕೈಹಿಡಿದು ಶಾಲೆಗೆ ಕರೆದೊಯ್ದರು. 1955ರಲ್ಲಿ ಆಕೆ ಫ್ರಾನ್ಸಿನ ಪ್ರತಿಷ್ಠಿತ ಮಹಿಳಾ ಎಕೋಲ್ ನಾರ್ಮಾಲ್‌ಗೆ ಆಯ್ಕೆಯಾದರು. ಅಲ್ಜೀರಿಯದ ಮಹಿಳೆಯೊಬ್ಬರಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು ಅದೇ ಮೊದಲು.

ಸ್ವಾತಂತ್ರ್ಯ ಯುದ್ಧ ಆಗಲೇ ಆರಂಭವಾಗಿತ್ತು. 1956ರಲ್ಲಿ ಅಲ್ಜೀರಿಯದ ವಿದ್ಯಾರ್ಥಿಗಳು ಮುಷ್ಕರ ಹೂಡಿದಾಗ ಜೆಬಾರ್ ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ, ಇನ್ನೂ 21ರ ಹರೆಯದಲ್ಲಿ, ಮೊದಲ ಕಾದಂಬರಿ 'ಲಾ ಸ್ವಾಫ್' ಪ್ರಕಟಿಸಿದರು. ದೇಶ ಹೊತ್ತಿ ಉರಿಯುವಾಗ ಯುವತಿಯೊಬ್ಬಳ ಒಳತೋಟಿಯ ಕಥೆಯೇ ಎಂದು ಆಕ್ಷೇಪಿಸಿದವರಿದ್ದರು. ಹೆಣ್ಣಿನ ಒಳಬಾಳು ಕೂಡ ಚರಿತ್ರೆಯ ವಸ್ತುವೆಂಬುದನ್ನು ಆಕೆಯ ಮುಂದಿನ ಬರವಣಿಗೆಯೆಲ್ಲ ಸಾಧಿಸಿ ತೋರಿಸಿತು. ರಬಾತ್‌ನಲ್ಲೂ ಸ್ವಾತಂತ್ರ್ಯ ಬಂದ ಮೇಲೆ ಅಲ್ಜಿಯರ್ಸ್‌ನಲ್ಲೂ ಇತಿಹಾಸ ಬೋಧಿಸಿದರು.

1967ರ ಬಳಿಕ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದಂಬರಿ ಬರಲಿಲ್ಲ. ಆದರೆ ಇದು ಬಂಜರು ಕಾಲವಲ್ಲ. ಜೆಬಾರ್ ತಾಯಿಯ ಕಡೆಯವರ ಸೀಮೆಯಾದ ಶೆನುವಾ ಬೆಟ್ಟಕ್ಕೆ ಮರಳಿ, ಯುದ್ಧ ಕಂಡ ಹಳ್ಳಿಯ ಹೆಂಗಸರನ್ನು ಮಾತನಾಡಿಸಿದರು. ಆ ದನಿಗಳಿಂದ ರೂಪುಗೊಂಡ ಚಿತ್ರಕ್ಕೆ 1979ರ ವೆನಿಸ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಸಂದಿತು. ಆಕೆಯ ಪ್ರೌಢ ಕೃತಿಗಳ ಬೇರು ಇಲ್ಲಿದೆ.

ಅವುಗಳಲ್ಲಿ ಅತಿ ಮುಖ್ಯವಾದುದು 1985ರ 'ಲಾಮೂರ್, ಲಾ ಫಾಂತಾಸಿಯಾ'. 1830ರಲ್ಲಿ ಅಲ್ಜಿಯರ್ಸ್ ಫ್ರೆಂಚರ ವಶವಾದ ಪ್ರಸಂಗ, ಲೇಖಕಿಯ ಬಾಲ್ಯ, ಯುದ್ಧದಲ್ಲಿ ಪಾಲ್ಗೊಂಡ ಹೆಂಗಸರ ಹೇಳಿಕೆ ಇವು ಮೂರೂ ಇದರಲ್ಲಿ ಹೆಣೆದುಕೊಂಡಿವೆ. 1845ರಲ್ಲಿ ದಹ್ರಾ ಪ್ರದೇಶದ ಗುಹೆಗಳಲ್ಲಿ ಅಡಗಿದ್ದ ಬುಡಕಟ್ಟಿನವರನ್ನು ಮಕ್ಕಳು ಮರಿಗಳೆನ್ನದೆ ಫ್ರೆಂಚ್ ಸೇನೆ ಹೊಗೆಯಿಕ್ಕಿ ಕೊಂದಿತು. ಆ ಕೃತ್ಯದ ವಿವರಗಳನ್ನು ಜೆಬಾರ್ ಸೇನಾಧಿಕಾರಿಗಳ ವರದಿ, ಪತ್ರಗಳಿಂದಲೇ ಹೆಕ್ಕುತ್ತಾರೆ. ಗೆದ್ದವರ ಕಾಗದಪತ್ರಗಳಲ್ಲಿ ಸತ್ತವರನ್ನು ಹುಡುಕುವ ಇತಿಹಾಸಕಾರ್ತಿಯ ತಾಳ್ಮೆ ಇಲ್ಲಿ ಎದ್ದು ಕಾಣುತ್ತದೆ. ಅದೇ ಪುಸ್ತಕದಲ್ಲಿ, ಊರಿನ ಸಂಪ್ರದಾಯ ಮೀರಿ ಅಂಚೆ ಕಾರ್ಡಿನ ಮೇಲೆ ಹೆಂಡತಿಯ ಹೆಸರನ್ನೇ ಬರೆದ ತಂದೆಯೂ ಬರುತ್ತಾರೆ. ಇಷ್ಟು ಸಣ್ಣ ಘಟನೆಗೂ ಗುಹೆಗಳ ದುರಂತಕ್ಕೂ ಒಂದೇ ಗ್ರಂಥದಲ್ಲಿ ಸಮನಾದ ಘನತೆ ದೊರಕಿಸಿದ್ದು ಆಕೆಯ ದೊಡ್ಡ ಸಾಧನೆ.

1990ರ ದಶಕದ ಹಿಂಸೆಯಲ್ಲಿ ಅಲ್ಜೀರಿಯದ ಅನೇಕ ಲೇಖಕರು ಕೊಲೆಯಾದರು. ಅಗಲಿದ ಗೆಳೆಯರನ್ನು ಜೆಬಾರ್ 'ಲ ಬ್ಲಾಂ ದ ಲಾಲ್ಜೇರಿ'ಯಲ್ಲಿ ನೆನೆದರು. ಮುಂದೆ ಅಮೆರಿಕದ ಲೂಸಿಯಾನ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕಿಯಾಗಿದ್ದರು. 1996ರಲ್ಲಿ ನ್ಯೂಸ್ಟಾಟ್ ಪ್ರಶಸ್ತಿ, 2000ದಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಬಂದವು.

2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಮಗ್ರಿಬ್ ನಾಡುಗಳ ಲೇಖಕರಲ್ಲಿ ಈ ಗೌರವ ಪಡೆದ ಮೊದಲಿಗರು ಇವರು. ಮರುವರ್ಷ ಪೀಠ ಸ್ವೀಕರಿಸಿ ಮಾಡಿದ ಭಾಷಣದಲ್ಲಿ, ವಸಾಹತು ಆಳ್ವಿಕೆ ತನ್ನ ಪೂರ್ವಜರ ಬಾಳಿನಲ್ಲಿ ಮಾಡಿದ ಗಾಯವನ್ನು ಆ ಸಭೆಯೆದುರೇ ಹೇಳಿದರು.