ಬಾಣಂತಿ ಸನ್ನಿ: ಹೈದರಾಬಾದಿನಿಂದ ಒಂದು ಹಿನ್ನೋಟ

ಹೆರಿಗೆಯ ಬಳಿಕ ತಾಯಿಯ ಚಿತ್ತ ಕದಡುವ ವ್ಯಾಧಿಯನ್ನು ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂದು ಕರೆದರು. ಗರ್ಭಿಣಿ, ಬಾಣಂತಿ ಹಾಗೂ ಮೊಲೆಯೂಡಿಸುವ ತಾಯಂದಿರ ಮನೋರೋಗಗಳ ಕುರಿತು ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಗ್ರಂಥ ರಚಿಸಿದ್ದು 1858ರಲ್ಲಿ. ರೋಗಕ್ಕೆ ಹೆಸರು ದೊರೆತರೂ ರೋಗಿಗೆ ತಕ್ಕ ಆಶ್ರಯ ಬೇಗನೆ ದೊರೆಯಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ಮಾನಸಿಕ ಆಸ್ಪತ್ರೆ ದೂರದ ಜಾಲ್ನಾದಲ್ಲಿತ್ತು. ಈ ನಗರದ ಎರ್ರಗಡ್ಡಕ್ಕೆ ಅದು ಬಂದದ್ದು 1953ರಲ್ಲಿ. ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡಲೆಂದೇ ಮೀಸಲಾದ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಗಲು 2009 ಬರಬೇಕಾಯಿತು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿತು.

ಮೈನೆರೆದವಳಿಗೆ ಆರತಿ, ಬಸುರಿಗೆ ಸೀಮಂತ, ಬಾಣಂತಿಗೆ ಎಣ್ಣೆನೀರು. ಹೆಣ್ಣಿನ ದೇಹದ ತಿರುವುಗಳನ್ನು ನಮ್ಮ ಮನೆಗಳು ಹೀಗೆ ಗುರುತಿಸುತ್ತವೆ. ಮುಟ್ಟು ನಿಲ್ಲುವ ಕಾಲಕ್ಕೆ ಅಂಥದೊಂದು ಶಾಸ್ತ್ರವೂ ಇಲ್ಲ. ಈ ಯಾವ ತಿರುವಿನಲ್ಲೂ ಮನಸ್ಸಿನ ಕ್ಷೇಮ ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ತವರಿನಿಂದ ದೂರ, ಈ ನಗರದಲ್ಲೇ ಬಾಣಂತನ ಮಾಡುವ ನಾವು ಕೂಸಿನ ತೂಕ ವಿಚಾರಿಸುವಾಗ ತಾಯಿಗೆ ನಿದ್ದೆ ಬರುತ್ತಿದೆಯೇ ಎಂದೂ ವಿಚಾರಿಸಬೇಕು. ಸನ್ನಿಯ ಲಕ್ಷಣ ಕಂಡರೆ ಮುಚ್ಚಿಡದೆ ಒಡನೆಯೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.