ಉಪ್ಪಾಗೆ: ಅಡುಗೆಮನೆಯಿಂದ ಔಷಧ ಮಾರುಕಟ್ಟೆಗೆ

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯನ್ನು ಸಸ್ಯಶಾಸ್ತ್ರಜ್ಞರು ಗಾರ್ಸೀನಿಯಾ ಗಮ್ಮಿಗಟ್ಟ ಎಂದು ಹೆಸರಿಸಿದ್ದಾರೆ. ಕರಾವಳಿಯ ಮುರುಗಲು ಇದೇ ಕುಲಕ್ಕೆ ಸೇರಿದುದು. ಕೇರಳದಲ್ಲಿ ಇದು ಕುಡಂಪುಳಿ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ವಾನ್ ರೀಡನ ‘ಹೊರ್ತುಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟದಲ್ಲಿ ಆ ಹೆಸರಿನಿಂದಲೇ ಚಿತ್ರಸಹಿತ ದಾಖಲಾಗಿದೆ.

ಈ ಮರದ ಬಳಕೆ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆ. ಮಲಯಾಳಿಗಳ ಮೀನಿನ ಸಾರಿಗೆ ಹೊಗೆಯಲ್ಲಿ ಒಣಗಿಸಿದ ಇದರ ಕಪ್ಪು ಸಿಪ್ಪೆಯೇ ಹುಳಿ. ಮೀನನ್ನು ಉಪ್ಪಿನೊಡನೆ ಕೆಡದಂತೆ ಇಡುವುದಕ್ಕೂ ಅದು ಒದಗುತ್ತಿತ್ತು. ಕೊಡಗಿನಲ್ಲಿ ಹಣ್ಣಿನ ರಸವನ್ನು ಕಾಯಿಸಿ ಇಂಗಿಸಿದ ಕಾಚಂಪುಳಿಯಿಲ್ಲದೆ ಹಂದಿಮಾಂಸದ ಅಡುಗೆ ಪೂರ್ಣವಾಗದು. ಉತ್ತರ ಕನ್ನಡದ ಘಟ್ಟದ ಮನೆಗಳಲ್ಲಿ ಬೀಜಕ್ಕೂ ಬೆಲೆಯಿದೆ. ಅದರಿಂದ ತೆಗೆದ ಗಟ್ಟಿ ಜಿಡ್ಡು ‘ಉಪ್ಪಾಗೆ ತುಪ್ಪ’ವೆಂಬ ಹೆಸರಿನಿಂದ ಅಡುಗೆಗೆ ಸಲ್ಲುತ್ತದೆ. ಸಿಪ್ಪೆಯ ಕಷಾಯವನ್ನು ಸಂಧಿವಾತಕ್ಕೂ ಹೊಟ್ಟೆಯ ತೊಂದರೆಗಳಿಗೂ ಕೊಡುತ್ತಿದ್ದರು. ದನಗಳ ಬಾಯಿಯ ರೋಗಕ್ಕೆ ಅದರಿಂದಲೇ ಬಾಯಿ ತೊಳೆಯುತ್ತಿದ್ದರು. ದೇಹ ಕೃಶವಾಗಲೆಂದು ಇದನ್ನು ಸೇವಿಸುವುದು ಈ ಮನೆಬಳಕೆಯ ಭಾಗವಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಈ ಹುಳಿಗೆ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳೇ ಕಾರಣವೆಂದು ಮೊದಲು ಭಾವಿಸಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು, ಹಣ್ಣಿನ ಪ್ರಧಾನ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಸ್ಥಾಪಿಸಿದರು. ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು 1969ರಲ್ಲಿ ಅಮೆರಿಕದಲ್ಲಿ ತಿಳಿದುಬಂದಿತು. ಪ್ರಯೋಗಶಾಲೆಯ ಈ ಒಂದು ಫಲಿತಾಂಶವನ್ನು ಹಿಡಿದು 1990ರ ದಶಕದಲ್ಲಿ ತೂಕ ಇಳಿಸುವ ಗುಳಿಗೆಗಳ ದೊಡ್ಡ ವ್ಯಾಪಾರ ಬೆಳೆಯಿತು. ಆದರೆ 135 ಸ್ಥೂಲಕಾಯರ ಮೇಲೆ 12 ವಾರ ನಡೆದು 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಆಮ್ಲ ಸೇವಿಸಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನೊಳಗೊಂಡ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಮುಂದೆ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾದವು.

ಗುಳಿಗೆಯ ಗುಣ ಸಂದೇಹಾಸ್ಪದವಾದರೂ ಬೇಡಿಕೆಯ ಭಾರ ಕಾಡಿನ ಮೇಲೆ ಬಿದ್ದದ್ದು ನಿಜ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಆಗ ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ಹಗಲಿರುಳೂ ಒಲೆ ಉರಿಯಬೇಕು, ಒಲೆಗೆ ಕಾಡಿನದೇ ಸೌದೆ ಬೇಕು. ಮನೆಗೆ ಬೇಕಾದಷ್ಟು ಒಣಗಿಸುವಾಗ ಲೆಕ್ಕಕ್ಕೆ ಬಾರದಿದ್ದ ಈ ಖರ್ಚು, ಮಾರಾಟಕ್ಕೆ ಒಣಗಿಸುವಾಗ ದೊಡ್ಡದಾಯಿತು. ಪೈಪೋಟಿ ಹೆಚ್ಚಿದಂತೆ ಬಲಿಯದ ಕಾಯಿಗಳನ್ನು ಕೀಳುವುದೂ ಕೊಂಬೆ ಕಡಿಯುವುದೂ ನಡೆದವು. ಇದರಿಂದ ಬೀಜ ನೆಲಕ್ಕೆ ಬೀಳುವುದು ಕಡಿಮೆಯಾಯಿತು. ಉತ್ತರ ಕನ್ನಡದಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಿತವಾಯಿತು. ಅಲ್ಲಿ ಸಿಂಗಳೀಕಗಳ ಆಹಾರವೂ ಸುತ್ತಲಿನ ಸಂಗ್ರಾಹಕರ ಮಳೆಗಾಲದ ಆದಾಯವೂ ಇದೇ ಮರಗಳಲ್ಲಿವೆ.