ಕಣ್ಣು ಮುಚ್ಚಿ ಕೂತ ಆಟಗಾರ

1975ರ ಜುಲೈ 5ರಂದು ನಡೆದ ವಿಂಬಲ್ಡನ್ ಪುರುಷರ ಫೈನಲ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ದೃಶ್ಯದ ಪ್ರಸ್ತಾಪ ಇದ್ದೇ ಇರುತ್ತದೆ. ಆಟಗಾರರು ಬದಿ ಬದಲಿಸುವ ಬಿಡುವಿನಲ್ಲಿ ಆರ್ಥರ್ ಆಶ್ ಕುರ್ಚಿಯಲ್ಲಿ ಅಲುಗಾಡದೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಬದಿಯಲ್ಲಿ ಜಿಮ್ಮಿ ಕಾನರ್ಸ್. 22 ವರ್ಷದ ಹುಡುಗ, ಹಿಂದಿನ ವರ್ಷದ ಚಾಂಪಿಯನ್, ಆ ಟೂರ್ನಿಯಲ್ಲಿ ಫೈನಲ್‌ವರೆಗೆ ಒಂದು ಸೆಟ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ. ಆಶ್‌ಗೆ 32 ತುಂಬಲು ಐದು ದಿನ ಬಾಕಿ. ಅದಕ್ಕೂ ಮೊದಲು ಇಬ್ಬರೂ ಮೂರು ಸಲ ಎದುರಾಗಿದ್ದರು, ಮೂರೂ ಸಲ ಆಶ್ ಸೋತಿದ್ದ.

ವೀಕ್ಷಕ ವಿವರಣೆ ಕೊಡುವವರು ಇಂಥ ಸಮಾಧಾನವನ್ನು ‘ಮನೋಬಲ’ ಎಂದು ಕರೆದು ಮುಂದಕ್ಕೆ ಹೋಗುತ್ತಾರೆ, ಅದೇನೋ ಹುಟ್ಟಿನಿಂದ ಬಂದ ಗುಣ ಎಂಬಂತೆ. ಇತಿಹಾಸದ ಸಂಶೋಧನೆಯಲ್ಲಿರುವ ನನಗೆ ಅಷ್ಟು ಸಾಲದು. ಆಶ್ ಅದನ್ನು ಎಲ್ಲಿ ಕಲಿತ, ಯಾಕೆ ಕಲಿಯಬೇಕಾಯಿತು ಎನ್ನುವುದೂ ಆ ಪಂದ್ಯದ ಭಾಗವೇ.

ಅವನು ಹುಟ್ಟಿದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಅಪ್ಪ ಕಪ್ಪು ಜನರಿಗೆ ಮೀಸಲಾದ ಪಾರ್ಕೊಂದರ ಮೇಲ್ವಿಚಾರಕ. ಮನೆ ಆ ಪಾರ್ಕಿನೊಳಗೇ ಇದ್ದುದರಿಂದ ಟೆನಿಸ್ ಅಂಕಣ ಅಂಗಳದಷ್ಟು ಹತ್ತಿರ. ಊರಿನ ಬಿಳಿಯರ ಅಂಕಣಗಳಿಗೆ ಮಾತ್ರ ಪ್ರವೇಶವಿಲ್ಲ. ಬೇಸಿಗೆ ಬಂದರೆ ಲಿಂಚ್‌ಬರ್ಗ್‌ನ ವೈದ್ಯ ರಾಬರ್ಟ್ ವಾಲ್ಟರ್ ಜಾನ್ಸನ್ ಅವರ ಮನೆಯಲ್ಲಿ ತರಬೇತಿ. ಆಲ್ಥಿಯಾ ಗಿಬ್ಸನ್‌ಗೂ ದಾರಿ ಮಾಡಿಕೊಟ್ಟವರು ಅವರೇ. ಜಾನ್ಸನ್ ಕಲಿಸುತ್ತಿದ್ದ ಪಾಠಗಳಲ್ಲಿ ಅರ್ಧದಷ್ಟು ರ್‍ಯಾಕೆಟ್ಟಿಗೆ ಸಂಬಂಧಿಸಿದ್ದೇ ಅಲ್ಲ. ಅಂಪೈರ್ ಜೊತೆ ವಾದ ಬೇಡ. ಎದುರಾಳಿಯ ಚೆಂಡು ಗೆರೆಯ ಆಚೆ ಸ್ವಲ್ಪವೇ ಬಿದ್ದಿದ್ದರೆ ಒಳಗೇ ಬಿತ್ತೆಂದು ಆಡಿಬಿಡು. ರ್‍ಯಾಕೆಟ್ ಎಸೆಯಬೇಡ, ಮುಖದಲ್ಲಿ ಸಿಟ್ಟು ಕಾಣಬಾರದು. ಬಿಳಿಯರ ಟೂರ್ನಿಗಳಿಗೆ ಈ ಮಕ್ಕಳನ್ನು ಸೇರಿಸುವುದೇ ಕಷ್ಟ. ಹೊರಗೆ ಹಾಕಲು ಸಂಘಟಕರಿಗೆ ಒಂದು ನೆಪವೂ ಸಿಗಬಾರದು. ಹತ್ತು ವರ್ಷದ ಹುಡುಗನಿಗೆ ಇದು ಆಟದ ಶಿಸ್ತಿಗಿಂತ ಬದುಕಿ ಉಳಿಯುವ ಶಿಸ್ತು. ಇದನ್ನು ಬರೀ ‘ಸಭ್ಯತೆ’ ಎಂದು ಹೊಗಳುವಾಗ ನನಗೆ ಕಿರಿಕಿರಿಯಾಗುತ್ತದೆ.

ಹಾಗಂತ ಅವನ ಆಟ ತಣ್ಣಗಿರಲಿಲ್ಲ. 1968ರಲ್ಲಿ ಅಮೆರಿಕನ್ ಓಪನ್ ಗೆದ್ದಾಗ ಎಲ್ಲರೂ ಕಂಡದ್ದು ಬಿರುಸಿನ ಸರ್ವ್, ಅಪಾಯ ಲೆಕ್ಕಿಸದ ಬ್ಯಾಕ್‌ಹ್ಯಾಂಡ್. ಮುಖದಲ್ಲಿ ತಡೆಹಿಡಿದದ್ದೆಲ್ಲ ತೋಳಿನಿಂದ ಹೊರಬರುತ್ತಿತ್ತೇನೋ.

1975ರಲ್ಲಿ ಅವನು ಬಿಟ್ಟುಕೊಟ್ಟದ್ದು ಈ ಆಟವನ್ನೇ. ಸೆಮಿಫೈನಲ್‌ನಲ್ಲಿ ರಾಸ್ಕೊ ಟ್ಯಾನರ್ ಜೋರಾಗಿ ಹೊಡೆದಷ್ಟೂ ಕಾನರ್ಸ್ ಇನ್ನೂ ಜೋರಾಗಿ ತಿರುಗಿಸಿ ಗೆದ್ದಿದ್ದ. ಎದುರಾಳಿಯ ವೇಗವೇ ಕಾನರ್ಸ್‌ಗೆ ಆಹಾರ. ಗೆಳೆಯರೊಂದಿಗೆ ಚರ್ಚಿಸಿ ಆಶ್ ಆ ಆಹಾರ ನಿಲ್ಲಿಸಲು ನಿರ್ಧರಿಸಿದ. ಎಡಗೈ ಆಟಗಾರನ ಫೋರ್‌ಹ್ಯಾಂಡಿಗೆ ಮೆತ್ತಗೆ, ತಗ್ಗಾಗಿ ಬರುವ ಚೆಂಡು. ಎರಡು ಕೈಯಲ್ಲಿ ಹಿಡಿಯುವ ಬ್ಯಾಕ್‌ಹ್ಯಾಂಡಿಗೆ ಎಟುಕದಂತೆ ಹೊರಕ್ಕೆ ತಿರುಗುವ ಸರ್ವ್. ನೆಟ್ ಬಳಿ ಬಂದರೆ ತಲೆಯ ಮೇಲೆ ಲಾಬ್.

ಮೊದಲ ಎರಡು ಸೆಟ್ 6-1, 6-1. ಕಾನರ್ಸ್‌ಗೆ ಹುರಿದುಂಬಿಸಲು ಯಾರೋ ಕೂಗಿದರೆ, ಪ್ರಯತ್ನ ಮಾಡ್ತಾನೇ ಇದೀನಲ್ಲ ಎಂಬರ್ಥದಲ್ಲಿ ಅವನು ರೇಗಿದ. ಮೂರನೆಯದನ್ನು ಕಾನರ್ಸ್ 7-5ರಲ್ಲಿ ಕಿತ್ತುಕೊಂಡ. ನಾಲ್ಕನೆಯದರಲ್ಲಿ 3-0 ಮುಂದೆ. ನನ್ನ ಮಟ್ಟಿಗೆ ಇಡೀ ಪಂದ್ಯ ಇರುವುದು ಇಲ್ಲಿ. ಯೋಜನೆ ಕೈಕೊಡುತ್ತಿದೆ ಅನ್ನಿಸಿದಾಗ ಯಾವ ಆಟಗಾರನೂ ತನಗೆ ರೂಢಿಯಾದ ಹೊಡೆತಕ್ಕೆ ಮರಳುತ್ತಾನೆ. ಆಶ್‌ಗೆ ಆ ಹೊಡೆತ ಕೈಯಲ್ಲೇ ಇತ್ತು. ಅವನು ಮರಳಲಿಲ್ಲ. ಮತ್ತೆ ಕೂತ, ಕಣ್ಣು ಮುಚ್ಚಿದ, ಎದ್ದು ಅದೇ ಮೆತ್ತನೆಯ ಚೆಂಡು ಆಡಿದ. ಮುಂದಿನ ಏಳು ಗೇಮುಗಳಲ್ಲಿ ಆರು ಅವನವು: 6-4. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಪುರುಷ.

ಸಿಟ್ಟಿಗೆ ಕಾರಣವಿರಲಿಲ್ಲವೆಂದಲ್ಲ. ಕಾನರ್ಸ್ ದೇಶಕ್ಕಾಗಿ ಡೇವಿಸ್ ಕಪ್ ಆಡುತ್ತಿಲ್ಲವೆಂದು ಆಟಗಾರರ ಸಂಘದ ಅಧ್ಯಕ್ಷನಾಗಿದ್ದ ಆಶ್ ಟೀಕಿಸಿದ್ದ. ಕಾನರ್ಸ್ ಮಾನನಷ್ಟ ಮೊಕದ್ದಮೆ ಹೂಡಿದ್ದ. ಫೈನಲ್ ದಿನ ಅದಿನ್ನೂ ಬಾಕಿ ಇತ್ತು. ಆಶ್ ಅದಕ್ಕೆ ಬಾಯಿಂದ ಉತ್ತರ ಕೊಡಲಿಲ್ಲ. ‘ಯುಎಸ್ಎ’ ಎಂದಿದ್ದ ಡೇವಿಸ್ ಕಪ್ ಜಾಕೆಟ್ ತೊಟ್ಟು ಅಂಕಣಕ್ಕೆ ಬಂದ, ಅಷ್ಟೆ. ಫೈನಲ್ ಆದ ಸ್ವಲ್ಪ ದಿನಕ್ಕೆ ಕಾನರ್ಸ್ ಮೊಕದ್ದಮೆ ಹಿಂತೆಗೆದುಕೊಂಡ.

ಚಳವಳಿಗಳು ಕಾವೇರಿದ್ದ ಆ ವರ್ಷಗಳಲ್ಲಿ, ಇದೇ ಸಂಯಮಕ್ಕಾಗಿ ಆಶ್‌ನನ್ನು ಬಿಳಿಯರಿಗೆ ಹಿತವಾದವನು ಎಂದು ಹಂಗಿಸಿದ ಕಪ್ಪು ಜನರೂ ಇದ್ದರು. ಆ ಆರೋಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಜಾನ್ಸನ್ ಕಲಿಸಿದ್ದು ಒಂದರ್ಥದಲ್ಲಿ ಬಿಳಿಯರ ಕಣ್ಣಿಗೆ ಚುಚ್ಚದಂತೆ ಇರುವುದನ್ನೇ. ಆದರೆ ಕಾನರ್ಸ್ ಎದುರು ಆ ಪಾಠದ ಕೆಲಸವೇ ಬೇರೆಯಾಯಿತು. ಈಗ ಅದು ಯಾರನ್ನೂ ಮೆಚ್ಚಿಸುವುದಕ್ಕಿರಲಿಲ್ಲ, ಗೆಲ್ಲುವುದಕ್ಕಿತ್ತು.

ಕೊನೆಯ ಪಾಯಿಂಟ್ ಮುಗಿದಾಗ ಆಶ್ ಗೆಳೆಯರು ಕೂತಿದ್ದ ಕಡೆ ತಿರುಗಿ ಮುಷ್ಟಿ ಬಿಗಿದು ಕೈಯೆತ್ತಿದ. ಒಂದೇ ಕ್ಷಣ. ಆಮೇಲೆ ನೆಟ್ ಬಳಿ ಹೋಗಿ ಕಾನರ್ಸ್‌ನ ಕೈ ಕುಲುಕಿದ.